ಕಡಲಿನ ಕಡೆಯ ಮಡು

ಪ್ರಶಾಂತ ಮಹಾಸಾಗರದ ಪಶ್ಚಿಮ ಭಾಗದಲ್ಲಿ, ಗುವಾಮ್ ದ್ವೀಪದಿಂದ ನೈರುತ್ಯಕ್ಕೆ ಸುಮಾರು ೩೦೦ ಕಿಲೋಮೀಟರು ದೂರದಲ್ಲಿ, ಪ್ರವಾಸಿಗೆ ನೋಡಲು ಏನೇನೂ ಇಲ್ಲದ ಒಂದು ಸ್ಥಳವಿದೆ. ಅಲ್ಲಿ ನಡುಗಡ್ಡೆಯಿಲ್ಲ, ಬಂಡೆಯಿಲ್ಲ, ದೀಪಸ್ತಂಭವಿಲ್ಲ. ಸುತ್ತಲಿನ ನೀರಿಗೂ ಅಲ್ಲಿಯ ನೀರಿಗೂ ಬಣ್ಣದಲ್ಲಿ ಭೇದವಿಲ್ಲ. ಗಾಳಿ ಬೀಸುತ್ತದೆ, ಅಲೆ ಏಳುತ್ತದೆ, ಬೀಳುತ್ತದೆ. ಹಡಗು ಆ ಜಾಗದ ಮೇಲೆಯೇ ಹಾದುಹೋದರೂ ಕಟಕಟೆಗೆ ಒರಗಿ ನಿಂತವನಿಗೆ ತಾನು ಎಲ್ಲಿದ್ದೇನೆಂಬುದು ತಿಳಿಯದು. ಆದರೆ ಅವನ ಕೈಯಿಂದ ಒಂದು ಕಿಲೋ ತೂಕದ ಕಬ್ಬಿಣದ ಗುಂಡು ಜಾರಿ ನೀರಿಗೆ ಬಿದ್ದಿತೆನ್ನಿ; ಅದು ತಳ ಮುಟ್ಟಲು ಹೆಚ್ಚು ಕಡಿಮೆ ಒಂದು ಗಂಟೆ ಹಿಡಿದೀತು. ಸಂಜೀವಿನಿಯ ಬೆಟ್ಟವನ್ನೆತ್ತಿದ ಆಂಜನೇಯ ಎವರೆಸ್ಟನ್ನೇ ಬುಡಸಹಿತ ಕಿತ್ತು ತಂದು ಇಲ್ಲಿ ಇಳಿಬಿಟ್ಟರೂ ಅದರ ತುದಿಯ ಮೇಲೆ ಇನ್ನೂ ಎರಡು ಕಿಲೋಮೀಟರು ನೀರು ನಿಂತಿರುತ್ತದೆ. ಭೂಮಿಯ ಮೇಲಿನ ಕಡಲುಗಳಲ್ಲಿ ಇದಕ್ಕಿಂತ ಆಳವಾದ ಸ್ಥಳ ಇದುವರೆಗೆ ಸಿಕ್ಕಿಲ್ಲ.

ನಕ್ಷೆಗಳಲ್ಲಿ ಇದರ ಹೆಸರು ಚಾಲೆಂಜರ್ ಡೀಪ್. ಹೊಳೆಯ ಆಳವಾದ ಗುಂಡಿಯನ್ನು ಕನ್ನಡಿಗರು ಮಡು ಎನ್ನುತ್ತಾರೆ. ಆ ಲೆಕ್ಕದಲ್ಲಿ ಇದು ಚಾಲೆಂಜರ್ ಮಡು. ಕಾಳಿಂಗನ ಮಡುವಿನಲ್ಲಿ ಏನಿತ್ತೆಂಬುದು ಕೃಷ್ಣನು ಧುಮುಕಿದ ಗಳಿಗೆಯಲ್ಲಿಯೇ ಗೋಕುಲಕ್ಕೆ ತಿಳಿಯಿತು. ಈ ಮಡುವಿನಲ್ಲಿ ಏನಿದೆ, ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯನಿಗೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಬೇಕಾಯಿತು. ಆ ಉತ್ತರವೂ ಮೊದಮೊದಲು ತಪ್ಪಾಗಿಯೇ ದೊರೆಯಿತು.

ಈ ಕಡಲಿನ ದ್ವೀಪಗಳನ್ನು ಮುಟ್ಟಿದ ಮೊದಲ ಯೂರೋಪಿಯನನು ಮೆಗೆಲ್ಲನ್. ೧೫೨೧ರ ಮಾರ್ಚ್ ತಿಂಗಳಲ್ಲಿ, ಹಸಿವಿನಿಂದಲೂ ರೋಗದಿಂದಲೂ ಕಂಗೆಟ್ಟಿದ್ದ ನಾವಿಕರೊಡನೆ ಅವನು ಇಲ್ಲಿಗೆ ಬಂದನು. ದ್ವೀಪವಾಸಿಗಳಾದ ಚಮೋರೋ ಜನರು ಹಡಗನ್ನು ಹತ್ತಿ ಕೈಗೆ ಸಿಕ್ಕಿದ್ದನ್ನು ಒಯ್ದರೆಂದು ಕುಪಿತನಾಗಿ, ದಡಕ್ಕಿಳಿದು ಅವರ ಮನೆಗಳನ್ನು ಸುಟ್ಟು, ಏಳು ಮಂದಿಯನ್ನು ಕೊಂದು, ಹೊರಡುವಾಗ 'ಕಳ್ಳರ ದ್ವೀಪಗಳು' ಎಂಬ ಹೆಸರನ್ನೂ ಇಟ್ಟುಹೋದನು. ಹೆಸರು ಯಾರಿಗೆ ಹೆಚ್ಚು ಒಪ್ಪುತ್ತಿತ್ತೆಂಬುದನ್ನು ಓದುಗರು ತೀರ್ಮಾನಿಸಬಹುದು. ಹದಿನೇಳನೆಯ ಶತಮಾನದಲ್ಲಿ ಸ್ಪೇನಿನವರು ತಮ್ಮ ರಾಣಿ ಮರಿಯಾನಾಳ ಹೆಸರನ್ನು ಈ ದ್ವೀಪಗಳಿಗಿಟ್ಟರು. ದ್ವೀಪಮಾಲೆಯ ಮಗ್ಗುಲಿನಲ್ಲಿಯೇ ಕಡಲ ತಳದಲ್ಲಿ ಬಿದಿಗೆಯ ಚಂದ್ರನಂತೆ ಬಾಗಿ, ೨,೫೦೦ ಕಿಲೋಮೀಟರಿಗೂ ಮೀರಿದ ಉದ್ದಕ್ಕೆ ಒಂದು ಕಂದಕ ಹರಡಿಕೊಂಡಿದೆ. ಪ್ರಶಾಂತ ಸಾಗರದ ತಳದ ಶಿಲಾಫಲಕವು ಇಲ್ಲಿಗೆ ಬರುವಷ್ಟರಲ್ಲಿ ಬಹು ಹಳತಾಗಿ, ತಣಿದು, ಭಾರವಾಗಿರುತ್ತದೆ; ಅದು ನೆರೆಯ ಫಲಕದ ಅಡಿಗೆ ಬಾಗಿ ಭೂಗರ್ಭಕ್ಕೆ ಇಳಿಯುತ್ತದೆ. ಬಾಗಿದ ಆ ಮಡಿಕೆಯೇ ಮರಿಯಾನಾ ಕಂದಕ. ಇಳಿದ ಶಿಲೆಯೊಡನೆ ಸೆರೆಯಾಗಿ ಹೋದ ನೀರು ಆಳದಲ್ಲಿ ಬಿಡುಗಡೆಯಾಗಿ ಮೇಲಿನ ಬಂಡೆಯನ್ನು ಕರಗಿಸಿ ಜ್ವಾಲಾಮುಖಿಯಾಗಿ ಉಕ್ಕುತ್ತದೆ. ದ್ವೀಪಗಳು ಎದ್ದುದೂ ಆ ಕಾರಣದಿಂದಲೇ. ಕಂದಕದ ದಕ್ಷಿಣದ ಕೊನೆಯಲ್ಲಿದೆ ಚಾಲೆಂಜರ್ ಮಡು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿದ್ವಾಂಸರ ಲೋಕದಲ್ಲಿ ಒಂದು ನಂಬಿಕೆ ಬೇರೂರಿತ್ತು. ಎಡ್ವರ್ಡ್ ಫೋರ್ಬ್ಸ್ ಎಂಬ ಪ್ರಾಣಿವಿಜ್ಞಾನಿಯು ಈಜಿಯನ್ ಸಮುದ್ರದಲ್ಲಿ ಬಲೆ ಎಳೆದು ನೋಡಿದಾಗ, ಆಳ ಹೆಚ್ಚಿದಂತೆಲ್ಲ ಜೀವಿಗಳು ವಿರಳವಾಗುತ್ತ ಬಂದವು. ಇದರಿಂದ ಅವನು, ೩೦೦ ಮಾರುಗಳಿಗಿಂತ ಕೆಳಗೆ ಜೀವವೇ ಇರಲಾರದೆಂದು ೧೮೪೩ರಲ್ಲಿ ಊಹಿಸಿದನು. ಮಾರು ಎಂಬುದು ಕನ್ನಡಿಗರಿಗೆ ಹೊಸದಲ್ಲ. ಬಾವಿಯ ಹಗ್ಗವನ್ನು ಎರಡು ಕೈ ಚಾಚಿ ಅಳೆಯುವ ಮಾರೇ ಇಂಗ್ಲಿಷ್ ನಾವಿಕರ ಅಳತೆಯೂ ಆಗಿತ್ತು. ಅವರದು ಆರು ಅಡಿಗೆ ಒಂದು ಮಾರು. ಫೋರ್ಬ್ಸನ ಊಹೆ ತರ್ಕಕ್ಕೆ ಒಪ್ಪುವಂತಿತ್ತು: ಬೆಳಕಿಲ್ಲದ, ಕೊರೆಯುವ ಚಳಿಯ, ಮೈಯನ್ನು ಹಿಟ್ಟು ಮಾಡುವ ಒತ್ತಡದ ಜಾಗದಲ್ಲಿ ಏನು ತಾನೆ ಬದುಕೀತು? ತರ್ಕಕ್ಕೆ ಒಪ್ಪುವ ಮಾತು ಎಷ್ಟೋ ವೇಳೆ ಪರೀಕ್ಷೆಯನ್ನು ಮುಂದಕ್ಕೆ ಹಾಕಿಬಿಡುತ್ತದೆ.

ಪರೀಕ್ಷೆಗೆಂದು ಹೊರಟ ಹಡಗೇ 'ಚಾಲೆಂಜರ್'. ಬ್ರಿಟಿಷ್ ನೌಕಾಪಡೆಯ ಈ ಯುದ್ಧನೌಕೆಯ ಫಿರಂಗಿಗಳಲ್ಲಿ ಹೆಚ್ಚಿನವನ್ನು ಕಳಚಿ, ಆ ಜಾಗದಲ್ಲಿ ಪ್ರಯೋಗಶಾಲೆಯನ್ನೂ ಶೀಷೆಗಳನ್ನೂ ಹಗ್ಗದ ಸುರುಳಿಗಳನ್ನೂ ತುಂಬಿದರು. ೧೮೭೨ರ ಡಿಸೆಂಬರಿನಲ್ಲಿ ಪೋರ್ಟ್ಸ್‌ಮತ್ ಬಂದರಿನಿಂದ ಹೊರಟ ಅದು ಹಿಂದಿರುಗಿದುದು ೧೮೭೬ರ ಮೇ ತಿಂಗಳಲ್ಲಿ; ಕ್ರಮಿಸಿದ ದೂರ ಸುಮಾರು ೬೯,೦೦೦ ಕಡಲ ಮೈಲಿ. ವಿಜ್ಞಾನಿಗಳ ಮುಖಂಡನು ವೈವಿಲ್ ಥಾಮ್ಸನ್. ಹಗ್ಗ ಬಿಡುವುದು, ತಳ ಮುಟ್ಟಿತೇ ಎಂದು ಕಾಯುವುದು, ಬಲೆ ಎಳೆಯುವುದು, ಬಂದ ಕೆಸರನ್ನು ಜರಡಿ ಹಿಡಿಯುವುದು, ಮತ್ತೆ ಹಗ್ಗ ಬಿಡುವುದು: ಮೂರೂವರೆ ವರ್ಷ ಇದೇ ಕೆಲಸ. ಮೊದಮೊದಲು ಬಲೆ ಮೇಲೆ ಬಂದಾಗ ಹಡಗಿನ ಜನರೆಲ್ಲ ಮುತ್ತಿಕೊಳ್ಳುತ್ತಿದ್ದರು. ಕೆಲವು ತಿಂಗಳಲ್ಲಿ ವಿಜ್ಞಾನಿಗಳ ಹೊರತು ಯಾರೂ ಇಣುಕಿ ನೋಡದಾದರು. ಬಂದರು ಸಿಕ್ಕಲ್ಲೆಲ್ಲ ಖಲಾಸಿಗಳು ಹಡಗು ಬಿಟ್ಟು ಓಡಿಹೋದರು. ಅವರನ್ನು ದೂಷಿಸುವಂತಿಲ್ಲ. ಹಗ್ಗ ಎಳೆದವರು ಅವರು, ಹೆಸರು ಬಂದುದು ಬೇರೆಯವರಿಗೆ.

೧೮೭೫ರ ಮಾರ್ಚ್‌ನಲ್ಲಿ ಹಡಗು ಗುವಾಮಿಗೆ ಹೋಗಬೇಕೆಂದಿತ್ತು. ಗಾಳಿ ಅನುಕೂಲವಾಗಲಿಲ್ಲ; ದ್ವೀಪವನ್ನು ಬಿಟ್ಟು ಪಶ್ಚಿಮಕ್ಕೆ ಸರಿದು ಜಪಾನಿನ ದಾರಿ ಹಿಡಿಯಿತು. ಗಾಳಿ ಒದಗಿ ಬಂದಿದ್ದರೆ ಆ ಮಡು ಇನ್ನೆಷ್ಟು ಕಾಲ ಅಜ್ಞಾತವಾಗಿರುತ್ತಿತ್ತೋ! ಮಾರ್ಚ್ ೨೩ರಂದು ಎಂದಿನಂತೆ ಹಗ್ಗ ಬಿಟ್ಟರು. ಹಗ್ಗ ಇಳಿಯಿತು, ಇನ್ನೂ ಇಳಿಯಿತು, ನಿಲ್ಲುವ ಲಕ್ಷಣವೇ ತೋರಲಿಲ್ಲ. ಲೆಕ್ಕ ತಪ್ಪಿರಬಹುದೆಂದು ಇನ್ನಷ್ಟು ಭಾರ ಕಟ್ಟಿ ಎರಡನೆಯ ಬಾರಿ ಬಿಟ್ಟರು. ೪,೪೭೫ ಮಾರು, ಎಂದರೆ ೮,೧೮೪ ಮೀಟರು. ಹಗ್ಗದೊಡನೆ ಇಳಿಸಿದ್ದ ಉಷ್ಣಮಾಪಕಗಳು ಒತ್ತಡ ತಾಳಲಾರದೆ ಒಡೆದಿದ್ದವು. ಆದರೆ ಅಳತೆಯ ಕೊಳವೆಯ ತುದಿಯಲ್ಲಿ ಒಂದಿಷ್ಟು ಕೆಸರು ಅಂಟಿ ಬಂದಿತ್ತು. ಸೂಕ್ಷ್ಮದರ್ಶಕದಡಿ ಅದನ್ನು ಹರಡಿದಾಗ ಗಾಜಿನ ಕಸೂತಿಯಂತಹ ಚಿಪ್ಪುಗಳು ಕಂಡವು: ರೇಡಿಯೋಲೇರಿಯ ಎಂಬ ಸೂಕ್ಷ್ಮಜೀವಿಗಳ ಎಲುಬುಗೂಡುಗಳು. ಮೇಲಿನ ನೀರಿನಲ್ಲಿ ಬದುಕಿ ಸತ್ತು, ಮಳೆಯಂತೆ ಸುರಿದು ತಳ ಸೇರಿದವು ಅವು. ಅಲ್ಲಿಯೇ ಬದುಕುವುದು ಏನಾದರೂ ಉಂಟೇ ಎಂಬ ಪ್ರಶ್ನೆಗೆ ಆ ಚಿಟಿಕೆ ಕೆಸರು ಉತ್ತರ ಹೇಳಲಿಲ್ಲ.

ಹಗ್ಗದ ಕಾಲ ಮುಗಿದು ಶಬ್ದದ ಕಾಲ ಬಂತು. ಹಡಗಿನಿಂದ ಒಂದು ಸಪ್ಪಳವನ್ನು ಕೆಳಕ್ಕೆ ಕಳುಹಿಸಿ, ಅದರ ಮಾರ್ದನಿ ಹಿಂದಿರುಗುವ ಕಾಲವನ್ನು ಎಣಿಸಿದರೆ ಸಾಕು. ಕಡಲ ನೀರಿನಲ್ಲಿ ಶಬ್ದವು ಕ್ಷಣಕ್ಕೆ ಸುಮಾರು ೧,೫೦೦ ಮೀಟರು ಓಡುತ್ತದೆ. ೧೯೫೧ರಲ್ಲಿ ಚಾಲೆಂಜರ್ ಎಂಬ ಹೆಸರಿನದೇ ಆದ ಇನ್ನೊಂದು ಬ್ರಿಟಿಷ್ ಹಡಗು ಅದೇ ಕಂದಕಕ್ಕೆ ಬಂದು ಶಬ್ದ ಬಿಟ್ಟಾಗ ಮಾರ್ದನಿಗೆ ಹದಿನಾಲ್ಕು ಸೆಕೆಂಡಿಗೂ ಮೀರಿ ಕಾಯಬೇಕಾಯಿತು. ಆಳ ಸುಮಾರು ೧೦,೯೦೦ ಮೀಟರು ಎಂದು ಲೆಕ್ಕ ಸಿಕ್ಕಿತು. ಮಡುವಿಗೆ ಹೆಸರು ನಿಂತುದು ಈ ಹಡಗುಗಳಿಂದ. ೧೯೫೭ರಲ್ಲಿ ರಷ್ಯದ 'ವಿತ್ಯಾಜ್' ಹಡಗು ೧೧,೦೩೪ ಮೀಟರು ಎಂದಿತು; ಎಷ್ಟೋ ಪುಸ್ತಕಗಳು ಆ ಸಂಖ್ಯೆಯನ್ನು ಬಹುಕಾಲ ಉರು ಹೊಡೆದವು. ನೀರಿನ ಚಳಿ, ಉಪ್ಪು, ಒತ್ತಡಗಳಿಗೆ ತಕ್ಕಂತೆ ಶಬ್ದದ ವೇಗವೂ ಬದಲಾಗುವುದರಿಂದ ಈ ಲೆಕ್ಕದಲ್ಲಿ ನೂರು ಮೀಟರು ಅತ್ತಿತ್ತ ಆಗುವುದು ದೊಡ್ಡ ಮಾತಲ್ಲ. ತಳಕ್ಕೇ ಒಯ್ದ ಒತ್ತಡಮಾಪಕಗಳ ಆಧಾರದಿಂದ ೨೦೨೧ರಲ್ಲಿ ಪ್ರಕಟವಾದ ಗಣನೆ ೧೦,೯೩೫ ಮೀಟರು. ಆರು ಮೀಟರು ಹೆಚ್ಚಿರಬಹುದು, ಇಲ್ಲವೆ ಕಡಿಮೆ.

ಅಳತೆಯ ಮಾತು ಅಂತಿರಲಿ. ಶಬ್ದವು ಆಳವನ್ನು ಹೇಳಬಲ್ಲುದು. ತಳದಲ್ಲಿ ಏನಿದೆ ಎಂಬುದನ್ನು ಕಣ್ಣೇ ನೋಡಬೇಕು. ಆ ಕಣ್ಣನ್ನು ಅಲ್ಲಿಗೆ ಒಯ್ಯುವ ಉಪಾಯ ಹೊಳೆದುದು, ಸೋಜಿಗವೆಂದರೆ, ಆಕಾಶಕ್ಕೆ ಏರಿದವನಿಗೆ. ಸ್ವಿಟ್ಸರ್ಲೆಂಡಿನ ಭೌತವಿಜ್ಞಾನಿ ಆಗಸ್ಟ್ ಪಿಕಾರ್ಡನು ೧೯೩೧ರಲ್ಲಿ ಬಲೂನಿನಲ್ಲಿ ೧೫ ಕಿಲೋಮೀಟರಿಗೂ ಮೇಲಕ್ಕೆ ಹೋಗಿಬಂದವನು. ಸಮುದ್ರದ ನಾಡನ್ನೇ ಕಾಣದ ಸ್ವಿಟ್ಸರ್ಲೆಂಡಿನವನು ಕಡಲಿಗೂ ಅದೇ ಸೂತ್ರವನ್ನು ಅನ್ವಯಿಸಿದನು. ಬಲೂನಿನಲ್ಲಿ ಗಾಳಿಗಿಂತ ಹಗುರಾದ ಅನಿಲ. ಇಲ್ಲಿ ನೀರಿಗಿಂತ ಹಗುರಾದ ಪೆಟ್ರೋಲು. 'ಟ್ರಿಯೆಸ್ಟ್' ಎಂಬ ಅವನ ನೌಕೆಯ ಮೇಲುಭಾಗ ೮೫,೦೦೦ ಲೀಟರು ಪೆಟ್ರೋಲು ತುಂಬಿದ ತೊಟ್ಟಿ. ಅದರ ಹೊಟ್ಟೆಯಡಿ, ತೊಟ್ಟಿಲ ಕೆಳಗೆ ಕಟ್ಟಿದ ಚೆಂಡಿನಂತೆ, ಒಂದು ಉಕ್ಕಿನ ಗೋಳ: ಹೊರಗಿನ ಅಡ್ಡಳತೆ ೨ ಮೀಟರಿಗೆ ತುಸು ಹೆಚ್ಚು, ಗೋಡೆಯ ದಪ್ಪ ೧೨ ಸೆಂಟಿಮೀಟರಿಗೂ ಮಿಕ್ಕು. ಮುಳುಗಲು ಸಹಾಯಕವಾಗಿ ಟನ್ನುಗಟ್ಟಲೆ ಕಬ್ಬಿಣದ ಗುಂಡುಗಳನ್ನು ವಿದ್ಯುದಯಸ್ಕಾಂತಗಳು ಹಿಡಿದಿದ್ದವು. ವಿದ್ಯುತ್ತು ಕೈಕೊಟ್ಟರೆ ಗುಂಡುಗಳು ತಾವಾಗಿಯೇ ಉದುರಿ ನೌಕೆ ಮೇಲೇಳಬೇಕು. ಯಂತ್ರ ಕೆಟ್ಟಾಗ ಪ್ರಾಣ ಉಳಿಯುವಂತೆ ಯಂತ್ರವನ್ನು ರಚಿಸುವುದು ದೊಡ್ಡ ವಿವೇಕ.

೧೯೫೮ರಲ್ಲಿ ಅಮೆರಿಕದ ನೌಕಾಪಡೆ ಈ ನೌಕೆಯನ್ನು ಕೊಂಡುಕೊಂಡಿತು. ೧೯೬೦ರ ಜನವರಿಯಲ್ಲಿ ಅದನ್ನು ಗುವಾಮಿನಿಂದ ನಾಲ್ಕು ದಿನ ಹಗ್ಗ ಕಟ್ಟಿ ಎಳೆದುಕೊಂಡು ಮಡುವಿನ ಬಳಿಗೆ ತಂದರು. ಮಡುವಿನ ಅತ್ಯಂತ ಆಳದ ಭಾಗ ಎಲ್ಲಿದೆಯೆಂದು ಗೊತ್ತುಮಾಡಲು ಜೊತೆಯ ಹಡಗಿನವರು ಸಿಡಿಮದ್ದನ್ನು ನೀರಿಗೆಸೆದು ಮಾರ್ದನಿಗಳನ್ನು ಎಣಿಸಿದರು. ದಾರಿಯಲ್ಲಿ ಕಡಲು ಕೆರಳಿ ನೌಕೆಯ ಕೆಲವು ಉಪಕರಣಗಳು ಕಿತ್ತುಹೋಗಿದ್ದವು. ಆದರೂ ಜನವರಿ ೨೩ರ ಬೆಳಿಗ್ಗೆ ಆಗಸ್ಟನ ಮಗ ಜಾಕ್ ಪಿಕಾರ್ಡ್, ನೌಕಾಪಡೆಯ ೨೮ ವರ್ಷದ ಲೆಫ್ಟಿನೆಂಟ್ ಡಾನ್ ವಾಲ್ಷ್, ಇಬ್ಬರೂ ಗೋಳದೊಳಗೆ ಇಳಿದು ಬಾಗಿಲು ಮುಚ್ಚಿಕೊಂಡರು. ಎಂಟೂಕಾಲು ಗಂಟೆಯ ಹೊತ್ತಿಗೆ ಇಳಿತ ಮೊದಲಾಯಿತು.

ಮೊದಲ ತೊಡಕು ಎದುರಾದುದು ಕೇವಲ ನೂರು ಮೀಟರು ಆಳದಲ್ಲಿ! ಬೆಚ್ಚನೆಯ ಮೇಲ್ನೀರಿನ ಕೆಳಗೆ ತಣ್ಣೀರಿನ ಪದರವಿರುತ್ತದೆ, ತಣ್ಣೀರು ದಟ್ಟ. ನೌಕೆ ಅದರ ಮೇಲೆ ಹಾಸಿಗೆಯ ಮೇಲೆ ಕುಳಿತಂತೆ ಕುಳಿತುಬಿಟ್ಟಿತು. ಒಂದಿಷ್ಟು ಪೆಟ್ರೋಲನ್ನು ಹೊರಬಿಟ್ಟು ಭಾರ ಹೆಚ್ಚಿಸಿಕೊಂಡು ಮುಂದುವರಿಯಬೇಕಾಯಿತು. ಆಮೇಲೆ ಇಳಿತ ಸುಗಮವಾಯಿತು. ಆಳ ಹೆಚ್ಚಿದಂತೆ ಪೆಟ್ರೋಲು ಒತ್ತಡಕ್ಕೂ ಚಳಿಗೂ ಕುಗ್ಗುತ್ತ, ತೊಟ್ಟಿಯ ಕೆಳಗಿನ ತೂತಿನಿಂದ ಕಡಲ ನೀರು ಒಳಸೇರುತ್ತ, ನೌಕೆಯ ಭಾರ ತಾನಾಗಿಯೇ ಹೆಚ್ಚುತ್ತಿತ್ತು. ೩೦೦ ಮೀಟರು ದಾಟುವ ಹೊತ್ತಿಗೆ ಹಗಲು ನಂದಿತು. ಸಾವಿರ ಮೀಟರಿನಲ್ಲಿ ಬೆಳಕಿನ ಸುಳಿವೇ ಇಲ್ಲ. ಎಲ್ಲಿಯೋ ಒಂದು ಕಡೆ ನೀರು ತೊಟ್ಟಿಕ್ಕತೊಡಗಿ, ಒತ್ತಡ ಏರಿದಂತೆ ಲೋಹಗಳು ಬಿಗಿದುಕೊಂಡು ತಾನೇ ನಿಂತುಹೋಯಿತು. ಗೋಳದೊಳಗೆ ಹೊದ್ದುಕೊಳ್ಳುವಷ್ಟು ಚಳಿ, ಕಾಲು ಚಾಚಲು ಎಡೆಯಿಲ್ಲ, ಊಟಕ್ಕೆ ಚಾಕೊಲೇಟು.

೯,೦೦೦ ಮೀಟರು ದಾಟಿದ ಮೇಲೆ ಭಾರಿ ಸಪ್ಪಳವೊಂದು ಕೇಳಿ ನೌಕೆಯೆಲ್ಲ ನಡುಗಿತು. ಆಗಿನ ಒತ್ತಡ, ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಟನ್ನಿಗೆ ಹತ್ತಿರ. ಗೋಳ ಬಿರಿದಿದ್ದರೆ ಸಪ್ಪಳ ಕೇಳಲು ಕಿವಿಗಳೇ ಇರುತ್ತಿರಲಿಲ್ಲ. ಕೇಳಿತಲ್ಲ, ಆದ್ದರಿಂದ ಗೋಳ ಸುರಕ್ಷಿತ! ಇಬ್ಬರೂ ಮಾಪಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿತ್ತು. ಹಿಂದಿರುಗುವ ಮಾತನ್ನು ಎತ್ತದೆ ಇಳಿತವನ್ನು ಮುಂದುವರಿಸಿದರು.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ, ನಾಲ್ಕು ಮುಕ್ಕಾಲು ಗಂಟೆಯ ಪಯಣದ ಕೊನೆಯಲ್ಲಿ, ದೀಪದ ಬೆಳಕಿನಲ್ಲಿ ದಂತವರ್ಣದ ನೆಲ ಕಂಡಿತು. ಅದನ್ನು ಮುಟ್ಟುವ ಮುನ್ನ ಪಿಕಾರ್ಡನು ಕಿಂಡಿಯಲ್ಲಿ ಕಂಡುದೇ ಈ ಕಥೆಯ ಗಂಟು. ನೆಲದ ಮೇಲೆ ಒಂದು ಚಪ್ಪಟೆ ಮೀನು ಮಲಗಿತ್ತೆಂದು ಅವನು ಬರೆದನು. ಮಂಗಳೂರು ಕಡೆಯವರು ನಂಗು ಎಂದು ಕರೆಯುವ ಮೀನಿನಂತಹುದು. ಒಂದು ಅಡಿಯಷ್ಟು ಉದ್ದ. ಮೇಲೆ ಎರಡು ಕಣ್ಣು. ನಿಧಾನವಾಗಿ ಈಜಿ ಕತ್ತಲೆಗೆ ಸರಿದುಹೋಯಿತು. ಕೆಂಪು ಸಿಗಡಿಯೊಂದನ್ನೂ ಕಂಡೆನೆಂದನು. ಅಷ್ಟರಲ್ಲಿ ನೌಕೆ ತಳ ಮುಟ್ಟಿತು. ಹಿಟ್ಟಿನಂತಹ ಕೆಸರು ಎದ್ದು ಕಿಂಡಿಯ ಮುಂದೆ ಹಾಲು ಚೆಲ್ಲಿದಂತಾಯಿತು. ಆ ಮುಸುಕು ಕಡೆಯವರೆಗೂ ಇಳಿಯಲಿಲ್ಲ. ಛಾಯಾಚಿತ್ರ ಒಂದೂ ದೊರೆಯಲಿಲ್ಲ. ವಾಲ್ಷನು ಶಬ್ದದ ದೂರವಾಣಿಯಲ್ಲಿ ಮೇಲಿನವರಿಗೆ ಸುದ್ದಿ ಹೇಳಿದನು. ಮಾತು ಮೇಲೆ ಹೋಗಲು ಏಳು ಸೆಕೆಂಡು, ಮರುಮಾತು ಬರಲು ಮತ್ತೆ ಏಳು.

ತಳದಲ್ಲಿದ್ದಾಗಲೇ ಆ ಸಪ್ಪಳದ ಮೂಲವೂ ತಿಳಿಯಿತು. ಗೋಳಕ್ಕೆ ಇಳಿದುಬರುವ ಕೊಳವೆಯಂತಹ ದಾರಿಯ ಕಿಟಕಿಯ ಗಾಜಿನಲ್ಲಿ ಬಿರುಕು ಬಿಟ್ಟಿತ್ತು. ಮುಳುಗುವಾಗ ಆ ದಾರಿಯಲ್ಲಿ ನೀರು ತುಂಬಿರುತ್ತದೆ. ಮೇಲೆ ಬಂದ ಮೇಲೆ ಗಾಳಿಯ ಒತ್ತಡದಿಂದ ಆ ನೀರನ್ನು ಹೊರದೂಡಿದರೆ ಮಾತ್ರ ಹೊರಬರಬಹುದು. ಬಿರುಕು ಬಿಟ್ಟ ಗಾಜು ಗಾಳಿಯ ಒತ್ತಡಕ್ಕೆ ಒಡೆದರೆ? ಕಡಲ ಮೇಲೆ ತೇಲುತ್ತಿದ್ದರೂ ಗೋಳದೊಳಗೇ ಸೆರೆ. ಹಗಲಿರುವಾಗಲೇ ಮೇಲೇರುವುದು ಲೇಸೆಂದು ಇಪ್ಪತ್ತೇ ನಿಮಿಷದಲ್ಲಿ ಗುಂಡುಗಳನ್ನು ಕೆಡವಿ ಹೊರಟರು. ಮೂರುಕಾಲು ಗಂಟೆಯಲ್ಲಿ ಮೇಲೆ ಬಂದು, ಗಾಳಿಯನ್ನು ಬಹು ಮೆಲ್ಲಗೆ ಬಿಟ್ಟು, ನೀರನ್ನು ಹೊರದೂಡಿ, ಸಂಜೆಯ ಬಿಸಿಲಿಗೆ ತಲೆ ಹಾಕಿದರು. ಗಾಜು ತಡೆಯಿತು. ಅವರ ಮಾಪಕವು ತೋರಿಸಿದ್ದ ಆಳವನ್ನು ಮುಂದೆ ತಿದ್ದಿ ೧೦,೯೧೬ ಮೀಟರು ಎಂದು ನಿಗದಿಮಾಡಿದರು.

ಮೀನಿನ ವಿಷಯದಲ್ಲಿ ಜಗಳ ಹತ್ತಿತು. ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಟಾರ್ಬೆನ್ ವೂಲ್ಫನು ೧೯೬೧ರಲ್ಲಿಯೇ, ಅದು ಮೀನಾಗಿರಲಾರದು, ಕಡಲಸೌತೆ ಎಂಬ ಮೆತ್ತನೆಯ ಪ್ರಾಣಿಯಾಗಿದ್ದೀತೆಂದು ಬರೆದನು. ಅವನ ಮಾತಿನಲ್ಲಿ ಹುರುಳಿತ್ತು. ೧೯೫೧ರಲ್ಲಿ ಡೆನ್ಮಾರ್ಕಿನ 'ಗಲಾಥಿಯಾ' ಹಡಗು ಫಿಲಿಪೈನ್ಸ್ ಕಂದಕದ ೧೦,೧೯೦ ಮೀಟರು ಆಳದಿಂದ ಕಡಲಸೌತೆಗಳನ್ನೂ ಚಿಪ್ಪುಜೀವಿಗಳನ್ನೂ ಎಳೆದು ತಂದಿತ್ತು. ಮೀನು ಮಾತ್ರ ಬಂದಿರಲಿಲ್ಲ. ಮುಂದಿನ ಸಂಶೋಧನೆ ಸಂದೇಹವನ್ನು ಇನ್ನೂ ಬಲಪಡಿಸಿತು. ಆಳದ ಮೀನುಗಳ ಮೈಯಲ್ಲಿ ಒತ್ತಡದಿಂದ ಪ್ರೋಟೀನುಗಳನ್ನು ಕಾಪಾಡುವ ಒಂದು ರಾಸಾಯನಿಕವಿರುತ್ತದೆ. ಆಳ ಹೆಚ್ಚಿದಂತೆ ಅದರ ಪ್ರಮಾಣವೂ ಹೆಚ್ಚಬೇಕು. ಸುಮಾರು ೮,೨೦೦ರಿಂದ ೮,೪೦೦ ಮೀಟರಿನ ಹೊತ್ತಿಗೆ ಅದು ಮಿತಿಮೀರಿ, ಮೀನಿನ ಮೈ ಕಡಲಿಗಿಂತ ಉಪ್ಪಾಗಿಬಿಡುತ್ತದೆ. ೨೦೨೨ರಲ್ಲಿ ಜಪಾನಿನ ಬಳಿ ೮,೩೩೬ ಮೀಟರಿನಲ್ಲಿ ಚಿತ್ರಿತವಾದ ಮೀನೇ ಇದುವರೆಗೆ ಕಣ್ಣಿಗೆ ಬಿದ್ದ ಅತ್ಯಂತ ಆಳದ ಮೀನು; ಮಿತಿಯ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ಪಿಕಾರ್ಡನು ಸುಳ್ಳು ಹೇಳಿದನೆನ್ನಲು ಕಾರಣವಿಲ್ಲ. ನಾಲ್ಕು ಗಂಟೆ ಕತ್ತಲೆಯನ್ನೇ ದಿಟ್ಟಿಸಿದ ಕಣ್ಣು, ಕ್ಷಣಮಾತ್ರದ ಬೆಳಕು, ಮಸುಕಾದ ನೆಲ. ತನಗೆ ಕಂಡುದನ್ನು ಅವನು ಹೇಳಿದನು.

ಇಷ್ಟಕ್ಕೂ ಒಂದು ಮೀನಿಗಾಗಿ ಇಷ್ಟೊಂದು ಚರ್ಚೆ ಏಕೆ? ಆ ದಿನಗಳಲ್ಲಿ ಅಣುಶಕ್ತಿಯ ಕಸವನ್ನು ಎಲ್ಲಿ ಚೆಲ್ಲಬೇಕೆಂಬುದು ರಾಷ್ಟ್ರಗಳ ತಲೆನೋವಾಗಿತ್ತು. ಅಮೆರಿಕವೂ ಬ್ರಿಟನ್ನೂ ಪೀಪಾಯಿಗಳಲ್ಲಿ ತುಂಬಿ ಕಡಲಿಗೆ ಎಸೆಯುತ್ತಿದ್ದವು. ಕಂದಕಗಳು ನಿಶ್ಚಲ, ನಿರ್ಜೀವ. ಅಲ್ಲಿ ಹೂತರೆ ಯಾರಿಗೂ ಕೇಡಿಲ್ಲವೆಂಬ ವಾದವಿತ್ತು. ತಳದಲ್ಲಿ ಮೀನಾಗಲಿ, ಸಿಗಡಿಯಾಗಲಿ, ಕಡಲಸೌತೆಯೇ ಆಗಲಿ ಉಸಿರಾಡುತ್ತಿದ್ದರೆ ಅಲ್ಲಿ ಆಮ್ಲಜನಕವಿರಲೇಬೇಕು. ಆಮ್ಲಜನಕವಿದ್ದರೆ ಮೇಲಿನ ನೀರು ಕೆಳಗೆ ಹೋಗುತ್ತಿದೆ, ಕೆಳಗಿನದು ಮೇಲೆ ಬರುತ್ತಿದೆ ಎಂದಾಯಿತು. ಚೆಲ್ಲಿದ್ದು ಚೆಲ್ಲಿದಲ್ಲೇ ಇರದು. ಮೀನಿನ ಗುರುತು ತಪ್ಪಿರಬಹುದು, ಆದರೆ ಅದು ಎತ್ತಿದ ಪ್ರಶ್ನೆ ತಪ್ಪಲಿಲ್ಲ. ಕಡಲಿಗೆ ವಿಕಿರಣದ ಕಸ ಚೆಲ್ಲುವುದನ್ನು ಪೂರ್ತಿಯಾಗಿ ನಿಷೇಧಿಸುವ ಅಂತರರಾಷ್ಟ್ರೀಯ ತೀರ್ಮಾನವಾದುದು ೧೯೯೩ರಲ್ಲಿ.

ವಾಲ್ಷ್ ಮತ್ತು ಪಿಕಾರ್ಡರ ಬಳಿಕ ೫೨ ವರ್ಷ ಯಾವ ಮನುಷ್ಯನೂ ಆ ತಳಕ್ಕೆ ಹೋಗಲಿಲ್ಲ. ಆ ನಡುವೆ ಹನ್ನೆರಡು ಮಂದಿ ಚಂದ್ರನ ಮೇಲೆ ನಡೆದು ಬಂದರು. ೧೯೯೫ರಲ್ಲಿ ಜಪಾನಿನ 'ಕೈಕೋ' ಎಂಬ, ಮನುಷ್ಯರಿಲ್ಲದ ಯಂತ್ರ ತಳ ಮುಟ್ಟಿತು. ೨೦೧೨ರ ಮಾರ್ಚ್‌ನಲ್ಲಿ ಚಲಚ್ಚಿತ್ರ ನಿರ್ದೇಶಕ ಜೇಮ್ಸ್ ಕ್ಯಾಮೆರೊನ್ ಒಬ್ಬನೇ ಇಳಿದನು. ೨೦೧೯ರಲ್ಲಿ ಇಳಿದ ವಿಕ್ಟರ್ ವೆಸ್ಕೋವೋ ಮತ್ತೆ ಮತ್ತೆ ಇಳಿಯಬಲ್ಲ ನೌಕೆಯನ್ನು ಮಾಡಿಸಿದ್ದನು. ೨೦೨೦ರ ಜೂನಿನಲ್ಲಿ ಅದರಲ್ಲಿ ಹೋಗಿಬಂದ ಕ್ಯಾಥಿ ಸಲಿವನ್, ೧೯೮೪ರಲ್ಲಿ ಬಾಹ್ಯಾಕಾಶದಲ್ಲಿ ನಡೆದ ಮೊದಲ ಅಮೆರಿಕನ್ ಮಹಿಳೆಯೂ ಹೌದು. ಆಕಾಶದಿಂದ ಕಡಲಿಗೆ ಬರುವ ದಾರಿಯನ್ನು ಪಿಕಾರ್ಡ್ ಮನೆತನ ಮೊದಲೇ ತುಳಿದಿತ್ತಷ್ಟೆ. ಅದೇ ವರ್ಷದ ನವೆಂಬರಿನಲ್ಲಿ ಮೂವರು ಚೀನೀಯರು ಇಳಿದರು. ತಳದಲ್ಲಿ ಕಡಲಸೌತೆಗಳು ತೆವಳುವುದನ್ನೂ, ಇಟ್ಟ ಎರೆಗೆ ಸಿಗಡಿಯಂತಹ ಪುಟ್ಟ ಜೀವಿಗಳು ಮುತ್ತುವುದನ್ನೂ ಕ್ಯಾಮೆರಾಗಳು ತೋರಿಸಿದವು.

ಆ ಪುಟ್ಟ ಜೀವಿಗಳನ್ನು ಪರೀಕ್ಷಿಸಿದವರಿಗೆ ಸಿಕ್ಕ ಫಲಿತಾಂಶಗಳು ಸುಖಕರವಲ್ಲ. ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದು, ಅಮೆರಿಕದಲ್ಲಿ ೧೯೭೯ರಲ್ಲಿಯೇ ನಿಷೇಧವಾದ ಪಿಸಿಬಿ ಎಂಬ ವಿಷವಸ್ತುಗಳು ಮರಿಯಾನಾ ಕಂದಕದ ಈ ಜೀವಿಗಳ ಮೈಯಲ್ಲಿ ಇವೆಯೆಂದು ೨೦೧೭ರಲ್ಲಿ ವರದಿಯಾಯಿತು. ಅವುಗಳ ಪ್ರಮಾಣ, ಚೀನಾದ ಕಲುಷಿತ ನದಿಯೊಂದರ ನೀರುಣ್ಣುವ ಗದ್ದೆಗಳ ಏಡಿಗಳಲ್ಲಿರುವುದಕ್ಕಿಂತ ಐವತ್ತು ಪಟ್ಟು ಹೆಚ್ಚು. ಕಂದಕದ ೧೦,೮೯೮ ಮೀಟರು ಆಳದಲ್ಲಿ ೧೯೯೮ರಲ್ಲಿ ತೆಗೆದ ಚಿತ್ರವೊಂದರಲ್ಲಿ ಪ್ಲಾಸ್ಟಿಕ್ ಚೀಲವೊಂದು ಕಾಣುತ್ತದೆ. ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ, ೧೯೫೦ ಮತ್ತು ೧೯೬೦ರ ದಶಕಗಳ ಅಣುಬಾಂಬು ಪರೀಕ್ಷೆಗಳಿಂದ ಗಾಳಿಗೆ ಸೇರಿದ ವಿಕಿರಣಶೀಲ ಇಂಗಾಲವನ್ನು ಈ ಜೀವಿಗಳ ಸ್ನಾಯುಗಳಲ್ಲಿ ಗುರುತಿಸಿತು. ಮೇಲಿನ ಜೀವಿಗಳ ಮೈ ಸೇರಿ, ಅವು ಸತ್ತು ಮುಳುಗಿ, ಆಹಾರವಾಗಿ ಅದು ತಳಕ್ಕೆ ಬಂದಿತ್ತು. ಪೀಪಾಯಿಗಳನ್ನು ತಡೆಯಬಹುದಾಗಿತ್ತು, ಗಾಳಿಯಿಂದ ಉದುರಿದ್ದನ್ನು ತಡೆಯಲು ಯಾರಿಂದಲೂ ಆಗಲಿಲ್ಲ.

ಜಾಕ್ ಪಿಕಾರ್ಡನು ೨೦೦೮ರಲ್ಲಿ ತೀರಿಕೊಂಡನು. ಟ್ರಿಯೆಸ್ಟ್ ನೌಕೆಯನ್ನು ವಾಷಿಂಗ್ಟನ್ನಿನಲ್ಲಿ ನೌಕಾಪಡೆ ತನ್ನ ವಸ್ತುಸಂಗ್ರಹಾಲಯದಲ್ಲಿ ಇರಿಸಿದೆ. ೨೦೨೦ರ ಜೂನ್ ೨೦ರಂದು, ವೆಸ್ಕೋವೋನ ನೌಕೆಯಲ್ಲಿ, ಡಾನ್ ವಾಲ್ಷನ ಮಗ ಕೆಲ್ಲಿ ವಾಲ್ಷ್ ಅದೇ ಮಡುವಿಗೆ ಇಳಿದನು. ಆಗ ತಂದೆಗೆ ೮೮ ವರ್ಷ. ತಂದೆಗೆ ದಕ್ಕಿದ್ದುದು ಕೆಸರಿನ ಮುಸುಕಿನೊಳಗಣ ಇಪ್ಪತ್ತು ನಿಮಿಷ. ಮಗನು ದೀಪಗಳ ಬೆಳಕಿನಲ್ಲಿ ಆ ನೆಲವನ್ನು ನೋಡುತ್ತ ಗಂಟೆಗಟ್ಟಲೆ ಅಲ್ಲಿದ್ದು ಬಂದನು.